ಒಂದು ಮಾತಿನ ನೆಂಟರಿಷ್ಟರು

ತಾಯಿಯ ಆರೈಕೆಯಲ್ಲೇ ತುಮಿರಾಳ ಮದುವೆಯ ವಯಸ್ಸು ಕಳೆದುಹೋಯಿತು. ತಾಯಿ ತೀರಿಕೊಂಡಾಗ ಅವಳಿಗೆ ಮೂವತ್ತಾರು. ಸಿಂಗಾಪುರದಾಚೆಯ ದ್ವೀಪವೊಂದರಲ್ಲಿದ್ದ ಬ್ಲಿತಾರ್ ಸೀಮೆಯ ಆ ಹಳ್ಳಿಯಲ್ಲಿ ಅಷ್ಟು ವಯಸ್ಸಾದ ಕನ್ಯೆಯೆಂದರೆ ಅಡುಗೆಮನೆಯ ಹಿಂದಿನ ಒರಳಿನ ಹಾಗೆ. ಎಲ್ಲರಿಗೂ ಬೇಕು, ಯಾರ ಕಣ್ಣಿಗೂ ಬೀಳುವುದಿಲ್ಲ. ಊರಿನ ನಾಲ್ಕೈದು ಸ್ಥಿತಿವಂತರ ಮನೆಯ ಬಟ್ಟೆ ಒಗೆದು ಅವಳು ತನ್ನ ಹೊಟ್ಟೆ ತಾನೇ ಹೊರೆದುಕೊಳ್ಳುತ್ತಿದ್ದಳು. ಇದ್ದದ್ದು ತಮ್ಮ ಪೈಮನ್‌ನ ಜೊತೆ, ತಾಯಿಯ ಮನೆಯಲ್ಲೇ.

ತಾಯಿಯ ನಲವತ್ತನೆಯ ದಿನದ ಊಟ ಮುಗಿದು, ನೆರೆಹೊರೆಯವರು ಬಾಳೆಯೆಲೆಯ ಪೊಟ್ಟಣ ಹಿಡಿದು ಹೊರಟ ಮೇಲೆ, ಪೈಮನ್‌ನ ಹೆಂಡತಿ ಯುನಿ ಪಾತ್ರೆ ತೊಳೆಯುತ್ತಾ ಮೆಲ್ಲಗೆ ಮಾತು ತೆಗೆದಳು.

“ಅಕ್ಕ, ಅಮ್ಮನ ರೂಮು ಮಕ್ಕಳಿಗೆ ಓದ್ಕೊಳ್ಳೋಕೆ ಆಗುತ್ತೆ. ನೀನು ಒಬ್ಳೇ ಅಲ್ವಾ? ಒಲೆ ಪಕ್ಕದಲ್ಲಿ ಬೆಚ್ಚಗಿರುತ್ತೆ, ಅಲ್ಲೇ ಮಲ್ಕೋಬಹುದು.”

ತುಮಿರಾ ತೊಳೆದ ಪಾತ್ರೆಗಳನ್ನು ಒರೆಸಿ ಜೋಡಿಸಿದಳು. ಯುನಿಯ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಮಕ್ಕಳು ಓದಬೇಕಾದದ್ದು ನಿಜ, ಒಲೆಯ ಪಕ್ಕ ಬೆಚ್ಚಗಿರುವುದೂ ನಿಜ. ಆದರೆ ಒಲೆಯ ಪಕ್ಕ ಮಲಗಿದವಳು ಇನ್ನು ಜನ್ಮದಲ್ಲಿ ಅಲ್ಲಿಂದ ಏಳುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಆ ವಾರವೇ ಅವಳು ಪೇಟೆಗೆ ಹೋಗಿ, ಹೆಂಗಸರನ್ನು ಸಿಂಗಾಪುರದ ಮನೆಗೆಲಸಕ್ಕೆ ಕಳಿಸುವ ಏಜೆಂಟ್ ಹಾಂದೊಕೊನ ಮುಂದೆ ಕುಳಿತಳು.

“ಇಂಗ್ಲಿಷ್ ಬರುತ್ತಾ?” ಎಂದ ಅವನು, ಬಾಯಲ್ಲಿ ಲವಂಗದ ಸಿಗರೇಟು ಕಚ್ಚಿಕೊಂಡೇ.

“ಸ್ವಲ್ಪ ಸ್ವಲ್ಪ” ಎಂದಳು ತುಮಿರಾ.

ಸ್ವಲ್ಪವೆಂದರೆ ಸಾಬೂನು ಪುಡಿಯ ಪೊಟ್ಟಣಗಳಿಂದ ಆಯ್ದುಕೊಂಡಷ್ಟು. ಒಗೆಯುವ ಕಲ್ಲಿನ ಮೇಲೆ ಪೊಟ್ಟಣ ಇಟ್ಟುಕೊಂಡು, ಅದರ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಓದುವುದು ಅವಳ ಹಳೆಯ ಚಟ. ಒಂದು ಪೊಟ್ಟಣದ ಮೇಲೆ ಬಿಗಿದ ಮುಷ್ಟಿಯ ಚಿತ್ರ, ಅದರ ಕೆಳಗೆ ದಪ್ಪಕ್ಷರದಲ್ಲಿ ‘ಸ್ಟಬರ್ನ್’ ಎಂದಿತ್ತು. ಅಂಗಡಿಯ ಮುರ್ಸಿದ್ ಹಾಜಿಯನ್ನು ಕೇಳಿದರೆ ಅವನು ಕನ್ನಡಕ ಮೇಲೇರಿಸಿ ನೋಡಿ, “ಗಟ್ಟಿ ಅಂತ ಇರ್ಬೇಕು ಕಣಮ್ಮ. ನೋಡು, ಮುಷ್ಟಿ ಹೆಂಗಿದೆ!” ಎಂದಿದ್ದ. ಗಟ್ಟಿ! ತುಮಿರಾಳಿಗೆ ಆ ಮಾತು ಹಿಡಿಸಿಬಿಟ್ಟಿತ್ತು. ಒದ್ದೆ ಕಂಬಳಿ ಹಿಂಡುವಾಗಲೆಲ್ಲ ತನ್ನಷ್ಟಕ್ಕೆ ತಾನೇ ಹೇಳಿಕೊಳ್ಳುತ್ತಿದ್ದಳು.

ಸಂದರ್ಶನದ ದಿನ ಹಾಂದೊಕೊನ ಕಚೇರಿಯ ಕಂಪ್ಯೂಟರ್ ಪರದೆಯ ಮೇಲೆ ಒಬ್ಬ ಸಿಂಗಾಪುರದ ಹೆಂಗಸು ಮೂಡಿದಳು. ಕೈಯಲ್ಲೊಂದು ಮಗುವಿತ್ತು. ನಿನ್ನ ಬಗ್ಗೆ ಏನಾದರೂ ಹೇಳು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ತುಮಿರಾ ಬೆನ್ನು ನೆಟ್ಟಗೆ ಮಾಡಿ, ತನ್ನ ಬಳಿಯಿದ್ದ ಅತ್ಯುತ್ತಮ ಮಾತನ್ನೇ ತೆಗೆದಳು.

“ನಾನು ತುಂಬಾ ಸ್ಟಬರ್ನ್, ಮೇಡಂ. ನಮ್ಮಮ್ಮ ಸ್ಟಬರ್ನ್. ನಮ್ಮ ಮನೆಯಲ್ಲಿ ಎಲ್ಲಾ ಸ್ಟಬರ್ನ್.”

ಪರದೆಯ ಹೆಂಗಸಿಗೆ ನಗು ಬಂತು. ಆಮೇಲೆ ನಗು ನಿಂತಿತು. ಮಗುವನ್ನು ಎದೆಗೊತ್ತಿಕೊಂಡು ಥ್ಯಾಂಕ್ಯೂ ಎಂದಳು, ಪರದೆ ಕಪ್ಪಾಯಿತು.

ಹಾಂದೊಕೊ ಹಣೆ ಚಚ್ಚಿಕೊಂಡ. “ಏನಂದೆ ಗೊತ್ತೇನಮ್ಮಾ? ‘ನಾನು ಮೊಂಡಿ, ನಮ್ಮಮ್ಮ ಮೊಂಡಿ, ನಮ್ಮ ವಂಶಾನೇ ಮೊಂಡು’ ಅಂದೆ! ಹೇಳಿದ್ ಮಾತು ಕೇಳದೋರಿಗೆ ಅನ್ನೋ ಮಾತು ಅದು. ಯಾರು ಕರ್ಕೊಂಡ್ಹೋಗ್ತಾರೆ ನಿನ್ನ?”

ಅವಳು ಬಸ್ಸಿಳಿದು ಮನೆ ಸೇರುವ ಹೊತ್ತಿಗೆ ಸುದ್ದಿ ಅವಳಿಗಿಂತ ಮುಂಚೆ ಬಂದಿತ್ತು. ಹಾಂದೊಕೊ ಪೈಮನ್‌ಗೆ ಫೋನು ಮಾಡಿದ್ದ, ಪೈಮನ್ ಕಾಫಿ ಗೂಡಂಗಡಿಯಲ್ಲಿ ಹೇಳಿದ್ದ. ಕಾಫಿ ಕುಡಿದವರೆಲ್ಲ ಒಂದೊಂದು ದಿಕ್ಕಿಗೆ ಹೊತ್ತೊಯ್ದಿದ್ದರು. ಬೀದಿಯಲ್ಲಿ ಹೋಗುತ್ತಿದ್ದರೆ ಬೇಲಿಯಾಚೆಯಿಂದ “ಸ್ಟಬರ್ನ್ ಬಂದ್ಲು, ದಾರಿ ಬಿಡ್ರೋ!” ಎಂಬ ಕೂಗು. ಯುನಿ ಸೊಪ್ಪು ಸೋಸುತ್ತಾ ಪಕ್ಕದ ಮನೆಯವಳಿಗೆ ಹೇಳುತ್ತಿದ್ದುದು ಅವಳ ಕಿವಿಗೇ ಬಿತ್ತು: “ಮೊಂಡಿ ಅಂತ ನಾವಂದ್ರೆ ಮುಖ ಊದಿಸ್ಕೋತಿದ್ಲು. ಈಗ ನೋಡಿ, ತಾನೇ ಸಿಂಗಾಪುರಕ್ಕೆಲ್ಲಾ ಸಾರ್ಬಂದವ್ಳೆ!”

ಅವಮಾನವಾಗಲಿಲ್ಲ ಎಂದರೆ ಸುಳ್ಳು. ಆದರೆ ಬಟ್ಟೆ ಒಗೆಯುತ್ತಾ ಕುಳಿತಾಗ ಅವಮಾನದ ಅಡಿಯಿಂದ ಒಂದು ಪ್ರಶ್ನೆ ತಲೆಯೆತ್ತಿತು. ಹೇಳಿದ ಮಾತು ಕೇಳದವರಿಗೆ ಅನ್ನುವ ಮಾತಾದರೆ ಸಾಬೂನಿನ ಮೇಲೆ ಅದನ್ನು ಯಾಕೆ ಬರೆದಿದ್ದಾರೆ? ಸಾಬೂನು ಯಾರ ಮಾತು ಕೇಳಬೇಕು? ಮತ್ತೆ, ತಾನು ಹೇಳಬೇಕೆಂದಿದ್ದದ್ದು ಬೇರೆಯೇ ಇತ್ತಲ್ಲ. ಹಿಡಿದ ಕೆಲಸ ನಾನು ಬಿಡುವವಳಲ್ಲ ಎನ್ನುವುದಕ್ಕೆ ಆ ಭಾಷೆಯಲ್ಲಿ ಯಾವ ಮಾತಿದೆ? ಊರಲ್ಲಿ ಇದನ್ನು ಕೇಳುವುದಕ್ಕೆ ಯಾರೂ ಇರಲಿಲ್ಲ. ನಗುವುದಕ್ಕೆ ಮಾತ್ರ ಎಲ್ಲರೂ ಇದ್ದರು.

“ಪಾರೆಗೆ ಹೋಗ್ತೀನಿ” ಎಂದಳು ಒಂದು ಬೆಳಗ್ಗೆ.

ಪೈಮನ್ ಚಹಾದ ಲೋಟ ಕೆಳಗಿಟ್ಟ. “ಪಾರೆಗಾ? ಅಲ್ಲಿ ಕಾಲೇಜು ಹುಡುಗ್ರು ಇಂಗ್ಲಿಷ್ ಕಲಿಯೋಕೆ ಬರ್ತಾರೆ. ನೀನು ಹೋಗಿ ಏನ್ ಮಾಡ್ತೀಯ?”

“ಅವರ ಬಟ್ಟೆ ಕೊಳೆ ಆಗಲ್ವೇನೋ?”

ಕೆಲೂದ್ ಬೆಟ್ಟದ ಈ ಮಗ್ಗುಲಿಂದ ಆ ಮಗ್ಗುಲಿಗೆ ಎರಡು ಬಸ್ಸು ಬದಲಾಯಿಸಿ ಅವಳು ಪಾರೆ ಸೇರಿದಳು. ಅಲ್ಲಿ ಗಲ್ಲಿಗೊಂದಲ್ಲ, ಮನೆಗೊಂದು ಇಂಗ್ಲಿಷ್ ಶಾಲೆ. ಬಾಡಿಗೆ ಸೈಕಲ್ ತುಳಿಯುತ್ತಾ ಕ್ರಿಯಾಪದಗಳನ್ನು ಜಪಿಸುವ ಹುಡುಗಿಯರು, ಪೆಚೆಲ್ ಎಂಬ ಬೇಯಿಸಿದ ಸೊಪ್ಪಿನ ತಿಂಡಿಯ ಅಂಗಡಿಯ ಬೆಂಚಿನ ಮೇಲೆ ಶೇಂಗಾ ಚಟ್ನಿ ನೆಕ್ಕುತ್ತಾ ವ್ಯಾಕರಣಕ್ಕೆ ಜಗಳವಾಡುವ ಹುಡುಗರು. ಬೇರೆ ಬೇರೆ ದ್ವೀಪಗಳಿಂದ ಬಂದ ಅವರ ನಡುವೆ ಸೀರೆಪೆಟ್ಟಿಗೆಯಂಥ ಹಳೆಯ ಚೀಲ ಹೊತ್ತು ತುಮಿರಾ ಮನೆಮನೆಯ ಗೇಟು ತಟ್ಟಿದಳು. ಕೊನೆಗೆ ಬು ವಿನಾರ್ಸಿ ಎಂಬಾಕೆಯ ಹುಡುಗಿಯರ ವಸತಿಮನೆಯಲ್ಲಿ, ಬಟ್ಟೆ ಒಗೆಯುವುದಕ್ಕೆ ಪ್ರತಿಯಾಗಿ ಊಟ ಮತ್ತು ಬಾವಿಯ ಪಕ್ಕದ ಕೋಣೆ ಸಿಕ್ಕಿತು. ಬು ಎಂದರೆ ಅಲ್ಲಿಯ ಮಾತಿನಲ್ಲಿ ಅಮ್ಮ; ವಿನಾರ್ಸಿ ದಪ್ಪ ದನಿಯ, ಮೆತ್ತನೆ ಮನಸ್ಸಿನ ವಿಧವೆ. ಅವಳ ಗೇಟಿನೊಳಗೆ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಿದವರು ಅಂಗಳ ಗುಡಿಸಬೇಕೆಂಬ ಕಟ್ಟಳೆಯಿತ್ತು.

“ನಿಂಗೆ ಅದೆಲ್ಲಾ ಇಲ್ಲ ಕಣೇ, ನೀನು ಒಗೆಯೋಳು” ಎಂದಳು ಅವಳು.

“ನಂಗೂ ಇರ್ಲಿ” ಎಂದಳು ತುಮಿರಾ. ಮೊದಲ ತಿಂಗಳು ಅಂಗಳವನ್ನೆಲ್ಲ ಅವಳೇ ಗುಡಿಸಿದಳು. ಗುಡಿಸಬಾರದೆಂದು ಬಾಯಿ ಮುಚ್ಚಿಕೊಂಡರೆ ಉಪ್ಪು ಬೇಕು ಎನ್ನುವುದಕ್ಕೂ ಕೈಸನ್ನೆ ಮಾಡಬೇಕಾಗುತ್ತಿತ್ತು.

ಎದುರು ಮನೆಯ ಜಗಲಿಯಲ್ಲಿ ಮದುರಾ ದ್ವೀಪದ ಹೊಸ್ನಾನ್ ಇಂಗ್ಲಿಷ್ ಪದಗಳ ಪಾಠ ಹೇಳುತ್ತಿದ್ದ. ಎಲ್ಲರಿಗೂ ಅವನು ಮಿಸ್ಟರ್ ಹೊಸ್ನಾನ್. ನರಪೇತಲ ಮೈ, ಕತ್ತಿಯಂಥ ನಾಲಿಗೆ. ತುಮಿರಾ ಒದ್ದೆ ಕೈಯನ್ನು ಸೊಂಟಕ್ಕೆ ಸುತ್ತಿದ ಸರೋಂಗಿಗೆ ಒರೆಸಿಕೊಂಡು ಅವನ ಮುಂದೆ ನಿಂತಳು.

“ನಂಗೆ ಒಂದೇ ಒಂದು ಪದ ಬೇಕು, ಮಿಸ್ಟರ್. ಸ್ಟಬರ್ನ್.”

“ಒಂದೇ ಪದ ಕೊಡೋಕೆ ಬರಲ್ಲ ಅಕ್ಕ” ಎಂದ ಅವನು. “ಮದುವೆ ಮನೆಗೆ ಒಬ್ರನ್ನ ಕರೆದ್ರೆ ನೆಂಟರಿಷ್ಟರೆಲ್ಲಾ ಬರಲ್ವಾ? ಪದಾನೂ ಹಂಗೇ. ಅಣ್ಣ ತಮ್ಮ, ದಾಯಾದಿ, ಎಲ್ರನ್ನೂ ಕರ್ಕೊಂಡೇ ಬರುತ್ತೆ. ಎಲ್ರಿಗೂ ಬಡಿಸೋ ಶಕ್ತಿ ಇದ್ರೆ ಕೂತ್ಕೋ.”

ತುಮಿರಾ ಕುಳಿತಳು.

ಅವನು ಹಲಗೆಯ ಮೇಲೆ ಸ್ಟಬರ್ನ್ ಎಂದು ಬರೆದ. ಬಗ್ಗದ್ದು, ಜಗ್ಗದ್ದು ಎಂದ. ಕತ್ತೆಗೂ ಹೇಳಬಹುದು, ಗಂಡನಿಗೂ ಹೇಳಬಹುದು. ಎಷ್ಟು ಔಷಧ ಕುಡಿದರೂ ಹೋಗದ ಕೆಮ್ಮಿಗೂ, ಎಷ್ಟು ಉಜ್ಜಿದರೂ ಬಿಡದ ಕಲೆಗೂ ಹೇಳಬಹುದು.

“ಓ!” ಎಂದು ತುಮಿರಾ ಜೋರಾಗಿಯೇ ಅಂದುಬಿಟ್ಟಳು. “ಮೊಂಡಾಗಿದ್ದದ್ದು ಸಾಬೂನಲ್ಲ, ಕಲೆ!”

ಹುಡುಗರು ತಿರುಗಿ ನೋಡಿದರು. ಮಿಸ್ಟರ್ ಹೊಸ್ನಾನ್ ಮೊದಲ ಸಲ ಹಲ್ಲು ತೋರಿಸಿದ.

ಮುಂದೆ ನೆಂಟರು ಒಬ್ಬೊಬ್ಬರಾಗಿ ಬಂದರು. ಆಬ್ಸ್ಟಿನೇಟ್ ಎಂಬವನು ಸ್ಟಬರ್ನ್‌ನ ಅಣ್ಣ, ಅವನಿಗಿಂತ ಕೆಟ್ಟವನು; ಒಳ್ಳೆಯದೆಂದು ಗೊತ್ತಿದ್ದರೂ ಬೇಡ ಎನ್ನುವವನು. ಪರ್ಸಿಸ್ಟೆಂಟ್ ಎಂಬವನು ಮತ್ತೆ ಮತ್ತೆ ಬಾಗಿಲು ತಟ್ಟುವವನು. ಟಫ್ ಎಂದರೆ ಬೇಯದ ಮಾಂಸವೂ ಹೌದು, ಏಟು ತಿಂದೂ ನಿಲ್ಲುವವನೂ ಹೌದು. ಕಡೆಗೆ ಬಂದದ್ದು ಡಿಟರ್ಮಿನ್ಡ್. ಅದು ಬಂದಾಗ ತುಮಿರಾ ಮುಂದಕ್ಕೆ ಬಾಗಿದಳು.

“ಇವನೂ ಬಗ್ಗಲ್ಲ, ಸ್ಟಬರ್ನೂ ಬಗ್ಗಲ್ಲ. ಮತ್ತೆ ಇಬ್ರಿಗೂ ಏನ್ ವ್ಯತ್ಯಾಸ, ಮಿಸ್ಟರ್?”

“ಯಾವುದಕ್ಕೆ ಬಗ್ಗಲ್ಲ ಅಂತ ನೋಡ್ಬೇಕು ಅಕ್ಕ. ಬುದ್ಧಿಮಾತಿಗೆ ಬಗ್ಗದೋನು ಸ್ಟಬರ್ನ್. ಕಷ್ಟಕ್ಕೆ ಬಗ್ಗದೋನು ಡಿಟರ್ಮಿನ್ಡ್.”

ನಮ್ಮ ಮಾತಿನಲ್ಲಿ ಹಟ ಬೇರೆ, ಛಲ ಬೇರೆ ಇದ್ದ ಹಾಗೆ. ತಾನು ಹುಡುಕಿಕೊಂಡು ಬಂದದ್ದು ಇದೇ ಎಂದು ಅವಳಿಗೆ ತಿಳಿಯಿತು. ಆದರೆ ಸಿಕ್ಕ ಮಾತು ಬಾಯಲ್ಲಿ ಕೂರಲಿಲ್ಲ. ಅಕ್ಷರ ಇದ್ದಂತೆ ಕೂಡಿಸಿಕೊಂಡು ‘ಡಿಟರ್ಮೈಂಡ್’ ಎಂದು ಕೂಗಿದಳು, ಜಗಲಿಯೆಲ್ಲ ನಕ್ಕಿತು. “ಬರೆದಂಗೆ ಓದೋದು ನಮ್ಮ ಭಾಷೆ. ಬರೆಯೋದೊಂದು ಓದೋದೊಂದು ಅವರದ್ದು” ಎಂದ ಮಿಸ್ಟರ್ ಹೊಸ್ನಾನ್. ದೆಲಿಮಾ ಎಂಬ ಸುರಬಾಯದ ಹುಡುಗಿ ಪಾಠ ಮುಗಿದ ಮೇಲೆ ಅವನಿಗೆ ಇಂಗ್ಲಿಷಿನಲ್ಲಿ ದೂರಿಟ್ಟಳು. ಈ ಹೆಂಗಸಿನಿಂದ ತಮಗೆಲ್ಲ ತಡವಾಗುತ್ತಿದೆ ಎಂಬುದು ದೂರು. ತುಮಿರಾಳಿಗೆ ಪೂರ್ತಿ ಅರ್ಥವಾಗದಿದ್ದರೂ ದನಿ ಅರ್ಥವಾಯಿತು. ಮಾರನೆಯ ದಿನದಿಂದ ಚಾಪೆ ಬಿಟ್ಟು ಜಗಲಿಯ ಮೆಟ್ಟಿಲ ಮೇಲೆ ಕುಳಿತಳು. ಪ್ರಶ್ನೆಯನ್ನು ಪಾಠ ಮುಗಿದ ಮೇಲೆ ಕೇಳಿದಳು. ಬರುವುದನ್ನು ಮಾತ್ರ ಬಿಡಲಿಲ್ಲ. ಒಗೆಯುವ ಕಲ್ಲಿಗೆ ಬಟ್ಟೆ ಬಡಿದಂತೆಲ್ಲ ಡಿಟರ್ಮಿನ್ಡ್, ಡಿಟರ್ಮಿನ್ಡ್ ಎಂದು ಬಡಿದಳು.

ಮಳೆಗಾಲ ಶುರುವಾದಾಗ ಅವಳಿಗೆ ಜ್ವರ ಹಿಡಿಯಿತು. ಬು ವಿನಾರ್ಸಿ ಹಣೆ ಮುಟ್ಟಿ ನೋಡಿ ಬೆಚ್ಚಿಬಿದ್ದಳು.

“ಮೈ ಸುಡ್ತಾ ಇದೆ, ಮಲ್ಕೋ ಹೋಗು. ಬಟ್ಟೆ ನಾಳೆ ಆದ್ರಾಯ್ತು, ಹುಡುಗೀರೇನು ಬೆತ್ತಲೆ ತಿರುಗ್ತಾರಾ?”

ತುಮಿರಾ ಬಕೆಟ್ಟು ಎತ್ತಿಕೊಂಡು, ಹೆಮ್ಮೆಯಿಂದ, ಒಂದಕ್ಷರವೂ ತಪ್ಪದೆ ಇಂಗ್ಲಿಷಿನಲ್ಲಿ ಹೇಳಿದಳು: “ನಾನು ಡಿಟರ್ಮಿನ್ಡ್!”

“ನೋ!” ಎಂದು ಬು ವಿನಾರ್ಸಿ ಗುಡುಗಿದಳು. “ಸ್ಟಬರ್ನ್!”

ತುಮಿರಾ ಕೇಳಲಿಲ್ಲ. ಒದ್ದೆ ಹೊದಿಕೆಯೊಂದನ್ನು ಹಿಂಡುತ್ತಿದ್ದಾಗ ಬಾವಿಕಟ್ಟೆ ಗಿರ್ರನೆ ತಿರುಗಿದಂತಾಗಿ ಕೆಳಗೆ ಬಿದ್ದಳು. ಹೊತ್ತು ತಂದು ಮಲಗಿಸಿದವರಲ್ಲಿ ದೆಲಿಮಾಳೂ ಇದ್ದಳು. ಡೆಂಗಿ ಎಂದರು ವೈದ್ಯರು. ಹಾಸಿಗೆಯಲ್ಲಿದ್ದಷ್ಟು ದಿನವೂ ಗಂಜಿ ಕುಡಿಸಿದವಳು ಬು ವಿನಾರ್ಸಿ, ಬಟ್ಟೆ ಒಗೆದುಕೊಂಡವರು ಹುಡುಗಿಯರೇ.

ಸುಣ್ಣದ ಗೋಡೆ ನೋಡುತ್ತಾ ಮಲಗಿದ್ದ ತುಮಿರಾ ತನ್ನ ಬದುಕನ್ನೆಲ್ಲ ಆ ಎರಡು ಮಾತುಗಳಲ್ಲಿ ಜಾಲಿಸಿ ನೋಡಿದಳು. ತಾಯಿಗೆ ಅಷ್ಟು ವರ್ಷ ಸೇವೆ ಮಾಡಿದ್ದು ಛಲ; ಪೈಮನ್ “ನಾನೂ ನೋಡ್ಕೋತೀನಿ, ನೀನೊಂದಿಷ್ಟು ಹೊರಗೆ ಹೋಗ್ಬಾ” ಎಂದಾಗಲೆಲ್ಲ ಬೇಡವೆಂದದ್ದು ಹಟ. ಎರಡೂ ಒಂದೇ ಮೈಯಲ್ಲಿದ್ದವು. ಊರವರು ನಕ್ಕದ್ದರಲ್ಲಿ ಪೂರ್ತಿ ಸುಳ್ಳಿರಲಿಲ್ಲ ಎಂದು ತಿಳಿದಾಗ ಅವಳಿಗೆ ನೋವಾಯಿತು, ಜೊತೆಗೇ ಒಂದು ಬಗೆಯ ಹಗುರವೂ ಆಯಿತು.

“ಎದ್ಮೇಲೆ ಏನ್ ಮಾಡ್ತೀಯ? ಊರಿಗೆ ಹೋಗ್ತೀಯಾ?” ಎಂದು ಬು ವಿನಾರ್ಸಿ ಕೇಳಿದಳು.

“ಪೂರ್ತಿ ಗುಣ ಆಗೋವರ್ಗೂ ಮಲ್ಕೋತೀನಿ. ಆಮೇಲೆ ಇನ್ನೊಂದ್ಸಲ ಸಂದರ್ಶನಕ್ಕೆ ಹೋಗ್ತೀನಿ.”

ಮಳೆಗಾಲ ಕಳೆದು ಮತ್ತೆ ತನ್ನ ಕಚೇರಿಯ ಬಾಗಿಲಲ್ಲಿ ನಿಂತವಳನ್ನು ಕಂಡು ಹಾಂದೊಕೊ ನರಳಿದ.

“ಮತ್ತೆ ಬಂದ್ಯಾ ತಾಯಿ? ಈ ಸಲ ಏನ್ ಹೇಳ್ಬೇಕು ಅಂತಿದ್ದೀಯ? ಕಳ್ಳಿ ಅಂತಾನಾ?”

“ಕೂರ್ಸಿ ನೋಡಿ. ಆಗ್ಲಿಲ್ಲ ಅಂದ್ರೆ ಮತ್ತೆ ಕಲಿತು ಬರ್ತೀನಿ.”

ಈ ಸಲ ಪರದೆಯ ಮೇಲೆ ಬಂದವಳು ಟಿಯೋ ಎಂಬ ನಡುವಯಸ್ಸಿನ ಹೆಂಗಸು. ಅವಳ ತಾಯಿಗೆ ಪಾರ್ಶ್ವವಾಯು ಬಡಿದಿತ್ತು. ನೋಡಿಕೊಳ್ಳಲು ಬಂದವರೆಲ್ಲ ಒಬ್ಬೊಬ್ಬರಾಗಿ ಬಿಟ್ಟುಹೋಗಿದ್ದರು. ಅವಳು ನಗದೆ ಕೇಳಿದಳು:

“ಮೊದಲೊಂದು ಸಲ ನಿನ್ನನ್ನು ಬೇಡ ಅಂದಿದ್ದಾರೆ. ಯಾಕೆ?”

ಹಾಂದೊಕೊ ಹಿಂದಿನಿಂದ, ಬೇರೆ ಏನಾದರೂ ಹೇಳು ಎಂದು ಕೈ ಆಡಿಸಿದ. ತುಮಿರಾ ಅವನತ್ತ ನೋಡಲಿಲ್ಲ. ಅವಳ ಇಂಗ್ಲಿಷು ಕುಂಟುತ್ತಿತ್ತು, ಆದರೂ ನಿಲ್ಲಲಿಲ್ಲ.

“ನಾನು ತಪ್ಪು ಪದ ಹೇಳಿದೆ, ಮೇಡಂ. ಸ್ಟಬರ್ನ್ ಅಂದೆ. ಡಿಟರ್ಮಿನ್ಡ್ ಅನ್ನಬೇಕಾಗಿತ್ತು. ನನಗೆ ವ್ಯತ್ಯಾಸ ಗೊತ್ತಿರಲಿಲ್ಲ. ಹೋಗಿ ಕಲಿತೆ.”

“ಏನು ವ್ಯತ್ಯಾಸ?”

“ನನಗೆ ಜ್ವರ ಬಂತು. ಗೆಳತಿ ಮಲಗು ಅಂದಳು. ನಾನು ಮಲಗಲಿಲ್ಲ, ಬಿದ್ದೆ. ಅದು ಸ್ಟಬರ್ನ್. ಈಗ ಮತ್ತೆ ನಿಮ್ಮ ಮುಂದೆ ಕೂತಿದ್ದೇನೆ. ಇದು ಡಿಟರ್ಮಿನ್ಡ್.”

ಟಿಯೋ ಪರದೆಯ ಹತ್ತಿರಕ್ಕೆ ಬಾಗಿದಳು. “ನನ್ನ ತಾಯಿ ಮನೆಯಿಂದಾಚೆ ನಡೆಯೋದಕ್ಕೆ ಒಪ್ಪೋದೇ ಇಲ್ಲ. ಅವರು ಸ್ಟಬರ್ನ್. ನಿನ್ನಿಂದ ಆಗುತ್ತಾ?”

“ಅವರನ್ನು ನೋಡದೆ ಹೇಗೆ ಹೇಳಲಿ, ಮೇಡಂ? ನೋಡಬೇಕು.”

ಆ ಉತ್ತರಕ್ಕೇ ಕೆಲಸ ಸಿಕ್ಕಿತು ಎಂದು ಬಹಳ ದಿನಗಳ ಮೇಲೆ ಟಿಯೋ ಹೇಳಿದಳಂತೆ. ಹಿಂದೆ ಬಂದವರೆಲ್ಲ ನೋಡದೆಯೇ “ಆಗುತ್ತೆ” ಎಂದಿದ್ದರು.

ಸಿಂಗಾಪುರದ ಆ ಮನೆ ಎತ್ತರದ ಕಟ್ಟಡದ ಮಧ್ಯದ ಅಂತಸ್ತಿನಲ್ಲಿತ್ತು. ಮುದುಕಿಗೆ ಇಂಗ್ಲಿಷ್ ಒಂದು ಮಾತೂ ಬಾರದು. ಇಷ್ಟು ಕಷ್ಟಪಟ್ಟು ಕಲಿತದ್ದು ಅವಳ ಮಂಚದ ಬಳಿ ಯಾತಕ್ಕೂ ಬರಲಿಲ್ಲ! ಆದರೆ ಮುದುಕಿ ಹರೆಯದಲ್ಲಿ ಮೀನುಪೇಟೆಯಲ್ಲಿ ಕೂತು ಮಾರುತ್ತಿದ್ದವಳಾದ್ದರಿಂದ ಪೇಟೆಯ ಮಲಯ ಭಾಷೆ ಬರುತ್ತಿತ್ತು. ಅದು ತುಮಿರಾಳ ಕಿವಿಗೆ ಅಕ್ಕಪಕ್ಕದ ಊರಿನ ಮಾತಿನಂತಿತ್ತು.

“ನೀನ್ಯಾರೇ ಹೊಸಬಳು? ನೀನೂ ಓಡ್ಹೋಗ್ತೀಯ” ಎಂದಳು ಮುದುಕಿ ಮೊದಲ ದಿನ.

“ಓಡೋಕೆ ದಾರಿ ಗೊತ್ತಿಲ್ಲ ಅಜ್ಜಿ, ಇವತ್ತು ತಾನೇ ಬಂದೆ” ಎಂದಳು ತುಮಿರಾ.

ಮುದುಕಿ ಮಂಚದಿಂದ ಕುರ್ಚಿಗೆ ಬರುತ್ತಿದ್ದಳು, ಕುರ್ಚಿಯಿಂದ ಮನೆಯ ಬಾಗಿಲವರೆಗೂ ಗೋಡೆ ಹಿಡಿದು ಬರುತ್ತಿದ್ದಳು. ಹೊಸಿಲು ದಾಟು ಎಂದರೆ ಮಾತ್ರ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಿದ್ದಳು. ಅಂಗಮರ್ದನ ಮಾಡುವವನು ಬಂದು ಎಳೆದ. ಮಗಳು ಬೇಡಿದಳು, ಗದರಿದಳು. ತುಮಿರಾ ಎಳೆಯಲಿಲ್ಲ. ದಿನಗಟ್ಟಲೆ ಸುಮ್ಮನೆ ನೋಡಿದಳು. ಮಳೆ ಬಂದ ದಿನ ಮುದುಕಿಯ ಸಿಟ್ಟು ಹೆಚ್ಚು, ಬಿಸಿಲಿದ್ದ ದಿನ ಕಡಿಮೆ. ಬಾಗಿಲ ಬಳಿ ನಿಂತಾಗಲೆಲ್ಲ ಕಣ್ಣು ಹೊರಗಿನ ತೆರೆದ ಪಡಸಾಲೆಯ ನೆಲದ ಬಿಲ್ಲೆಗಳ ಮೇಲೇ ನೆಟ್ಟಿರುತ್ತಿತ್ತು.

ಒಂದು ಮಧ್ಯಾಹ್ನ ಕಾಲು ನೀವುತ್ತಾ ಕೇಳಿದಳು. “ಅಜ್ಜಿ, ಹೊರಗೆ ಬಿದ್ದಿದ್ರಾ?”

ಮುದುಕಿ ಮುಖ ಗೋಡೆಗೆ ತಿರುಗಿಸಿದಳು. “ಅಲ್ಲೇ ಜಾರಿದ್ದು. ಮಳೆ ನೀರು ನಿಂತಿತ್ತು. ಕೂಗಿದ್ರೂ ದನಿ ಬರ್ಲಿಲ್ಲ, ಅರ್ಧ ಬಾಯಿ ಸತ್ತೋಗಿತ್ತು. ಜನ ಮೇಲಿನ ಅಂತಸ್ತಲ್ಲಿ ನಡೆದಾಡೋ ಸದ್ದು ಕೇಳ್ತಿತ್ತು. ಯಾರೂ ಬರ್ಲಿಲ್ಲ.”

ಸಂಜೆ ಮಗಳು ಕೆಲಸದಿಂದ ಬಂದಾಗ ತುಮಿರಾ ಅಡುಗೆಮನೆಯಲ್ಲಿ ಅವಳನ್ನು ತಡೆದಳು.

“ಮೇಡಂ, ನಿಮ್ಮ ತಾಯಿ ಸ್ಟಬರ್ನ್ ಅಲ್ಲ. ಆಬ್ಸ್ಟಿನೇಟೂ ಅಲ್ಲ. ಆ ಕುಟುಂಬದ ಪದವೇ ಅಲ್ಲ ಅದು. ಅವರಿಗೆ ಭಯ.”

ಟಿಯೋ ಚೀಲವನ್ನು ಕೆಳಗಿಡದೆ ಹಾಗೇ ನಿಂತಳು. ಆಮೇಲೆ ತಾಯಿಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗಿನಿಂದ ಅವರ ಚೀನೀ ಮಾತಿನಲ್ಲಿ ಇಬ್ಬರ ದನಿಯೂ ಕೇಳಿತು, ಒಂದು ಅಳು ಕೇಳಿತು. ಯಾರದ್ದೆಂದು ತುಮಿರಾ ಕಿವಿಗೊಟ್ಟು ಆಲಿಸಲಿಲ್ಲ. ಶುಂಠಿ ಜಜ್ಜುತ್ತಾ ನಿಂತಳು.

ಅಂದಿನಿಂದ ಯಾರೂ ಮುದುಕಿಗೆ ನಡಿ ಎನ್ನಲಿಲ್ಲ. ತುಮಿರಾ ದಿನಾ ಬೆಳಗ್ಗೆ ಹೊರಗಿನ ನೆಲದ ಬಿಲ್ಲೆಗಳನ್ನು ಒಣಬಟ್ಟೆಯಿಂದ ಒರೆಸಿ, ತಾನೇ ಅವುಗಳ ಮೇಲೆ ಕುಳಿತು ಬಟಾಣಿ ಸುಲಿಯುತ್ತಿದ್ದಳು. ಹೊಸಿಲ ಒಳಗೆ ಕುರ್ಚಿಯಲ್ಲಿ ಮುದುಕಿ. “ಕೊಳಕು ಬೆರಳಲ್ಲಿ ಸುಲೀತಿದ್ದೀಯ” ಎಂದು ಬೈಯುವುದು. ಒಂದು ದಿನ ಬಟಾಣಿ ಉರುಳಿ ಗೋಡೆಯ ಮೂಲೆ ಸೇರಿತು. “ಅಲ್ಲಿದೆ ನೋಡೇ ಕುರುಡಿ, ಅಲ್ಲಿ!” ಎನ್ನುತ್ತಾ ಮುದುಕಿ ಎದ್ದು ಹೊಸಿಲ ಆಚೆಗೆ ಒಂದು ಕಾಲಿಟ್ಟಳು. ತುಮಿರಾ ತೋಳು ಚಾಚಿದಳು. ಮುದುಕಿ ಅದನ್ನು ಹಿಡಿದುಕೊಂಡಳು, ಉಗುರು ನಾಟುವಷ್ಟು ಗಟ್ಟಿಯಾಗಿ. ಚೀನೀ ಹೊಸ ವರ್ಷದ ಹೊತ್ತಿಗೆ ಇಬ್ಬರೂ ಲಿಫ್ಟಿನಲ್ಲಿಳಿದು ಕೆಳಗಿನ ಪೇಟೆಗೆ ಹೋಗಿ ಮೀನಿನವನ ಹತ್ತಿರ ಜಗಳ ತೆಗೆಯುವಷ್ಟಾದರು. ಜಗಳವಾಡಿದ್ದು ಮುದುಕಿ, ಚೀಲ ಹಿಡಿದದ್ದು ತುಮಿರಾ.

ಮುದುಕಿ ಸಾಯುವವರೆಗೂ ತುಮಿರಾ ಆ ಮನೆಯಲ್ಲಿದ್ದಳು. ಆಮೇಲೂ ಇರೆಂದು ಟಿಯೋ ಕೇಳಿಕೊಂಡಳು. ತುಮಿರಾ ಯೋಚಿಸಿ, ಬೇಡವೆಂದು ಹೇಳಿ, ಅತ್ತು, ಹೊರಟು ಬಂದಳು. ತಮ್ಮನ ಮನೆಯಲ್ಲಿ ಒಂದು ಹಬ್ಬ ಮುಗಿಸಿದಳು. ಯುನಿ ತಾಯಿಯ ಕೋಣೆಯಲ್ಲೇ ಹಾಸಿಗೆ ಹಾಸಿಕೊಟ್ಟಳು. ಮಕ್ಕಳು ದೊಡ್ಡವರಾಗಿದ್ದರು, ಮನೆಯಲ್ಲಿ ನಗುವಿತ್ತು. ಆದರೂ ಅವಳು ಪಾರೆಗೇ ಹೋಗಿ ಒಂದು ಸಣ್ಣ ಮನೆ ಮಾಡಿದಳು. ಮುಂದೆ ಬಟ್ಟೆ ಒಗೆಯುವ ಅಂಗಡಿ, ಎರಡು ಯಂತ್ರ. ಹಿಂದಿನ ಅಂಗಳದಲ್ಲಿ ಬೆಳಗಿನ ಹೊತ್ತು ಹೆಂಗಸರು ಬಂದು ಕೂರತೊಡಗಿದರು. ಬ್ಲಿತಾರ್, ತುಲುಂಗಾಗುಂಗ್ ಕಡೆಯವರು, ಹೊರದೇಶದ ಕೆಲಸಕ್ಕೆ ಹೋಗುವವರು, ದೊಡ್ಡ ತರಗತಿಗೆ ಹೋಗಲು ನಾಚುವವರು. ತನಗೆ ಬಂದಷ್ಟನ್ನು ಅವಳು ಹೇಳಿಕೊಟ್ಟಳು. ಬಾರದ್ದನ್ನು ಬಾರದು ಎಂದಳು.

ಮೊನ್ನೆ ಮೊನ್ನೆ, ತೈವಾನಿಗೆ ಹೋಗಲಿರುವ ಸುಂಡರಿ ಎಂಬವಳು ಮುಖ ಗಂಟಿಕ್ಕಿಕೊಂಡು ಕುಳಿತಿದ್ದಳು.

“ಪೇಷೆಂಟ್ ಅಂದ್ರೆ ಕಾಯಿಲೆ ಮನುಷ್ಯ ಅಂತ ಸೋಮವಾರ ಹೇಳಿದ್ರಿ. ಇವತ್ತು ನೋಡಿದ್ರೆ ತಾಳ್ಮೆ ಇರೋರು ಅಂತೀರ. ಯಾವುದಾದ್ರೂ ಒಂದು ಹೇಳಿ ಬು, ನಂಗೆ ತಲೆ ಕೆಟ್ಟೋಗ್ತಿದೆ!”

“ಎರಡೂ ಹೌದು.”

“ಹಂಗಾದ್ರೆ ಯಾವಾಗ ಯಾವುದು ಅಂತ ಹೆಂಗೆ ತಿಳ್ಕೊಳ್ಳೋದು?”

“ಬರೀ ಪದ ಹೇಳಿದ್ರೆ ತಿಳಿಯಲ್ಲ ಕಣೇ. ಇಡೀ ವಾಕ್ಯ ಹೇಳು, ಗೊತ್ತಾಗುತ್ತೆ.”

ಸುಂಡರಿ ವಾಕ್ಯ ಕಟ್ಟಿದಳು. ಅರ್ಧಕ್ಕೆ ಮುರಿದು ಬಿತ್ತು. ಉಳಿದವರು ಬಾಯಿಗೆ ತಲೆವಸ್ತ್ರ ಅಡ್ಡಹಿಡಿದು ನಕ್ಕರು. ತುಮಿರಾ ನಗಲಿಲ್ಲ. ಹಾಸಿದ ಚಾಪೆಯ ಮೇಲೆ ಇನ್ನಷ್ಟು ಮುಂದಕ್ಕೆ ಸರಿದು, ಅವಳ ಬಾಯನ್ನೇ ನೋಡುತ್ತಾ ಹೇಳಿದಳು:

“ಇನ್ನೊಂದ್ಸಲ.”